ಸಮುದ್ರಕ್ಕೆ ಮುಖ ಮಾಡಿದ ಕುರ್ಚಿ

ಎಲ್ಲಕ್ಕೂ ಮೂಲ, ವಿಮಾನದಲ್ಲಿ ಪಕ್ಕದ ಸೀಟಿನವರು ತೆರೆದ ಬಾಯಿ.

ಅಕ್ಕ ಅವರಿಗೆ ಹೇಳಿದ್ದು ಒಂದೇ ಮಾತು. "ಇವನು ನನ್ನ ತಮ್ಮ, ಹಲ್ಲಿನ ಡಾಕ್ಟ್ರು." ಅಷ್ಟಕ್ಕೇ ಆ ಮಹಾನುಭಾವರು ಬೆಲ್ಟು ಬಿಚ್ಚಿ, ತಮ್ಮನ ಊಟದ ತಟ್ಟೆಯ ಮೇಲೆಯೇ ಬಗ್ಗಿ, ಬಾಯಿ ಅಗಲಿಸಿ ದವಡೆಯ ಕಡೆ ಬೆರಳು ತೋರಿಸಿದರು. ತಮ್ಮ ಆಗತಾನೇ ಮೊದಲ ತುತ್ತು ಬಾಯಿಗಿಟ್ಟಿದ್ದ. ಮುಂದಿನ ಸೀಟಿನ ಹೆಂಗಸು ಹಿಂದಕ್ಕೆ ತಿರುಗಿ, "ಇವರದ್ದಾದ್ಮೇಲೆ ನಂದೂ ಸ್ವಲ್ಪ ನೋಡಿಬಿಡಿ," ಎಂದರು. ವಿಮಾನ ಇಳಿಯುವಷ್ಟರಲ್ಲಿ ಅವನು ಸುತ್ತಮುತ್ತಲಿನವರ ಹಲ್ಲೆಲ್ಲ ನೋಡಿ ಮುಗಿಸಿದ್ದ. ಊಟ ತಣ್ಣಗಾಗಿ ವಾಪಸು ಹೋಗಿತ್ತು.

ಕ್ಲಿನಿಕ್ಕಿಗೆ ಬೀಗ ಹಾಕಿ ಪರದೇಶದ ಪ್ರವಾಸಕ್ಕೆ ಹೊರಟಿದ್ದು ಅವನ ಜನ್ಮದಲ್ಲಿ ಇದೇ ಮೊದಲು. ದಿನವಿಡೀ ಕತ್ತಲೆಯ ಗುಹೆಗಳಲ್ಲಿ ಇಣುಕಿ ಇಣುಕಿ ಅವನ ಕತ್ತು ಕುಡುಗೋಲಿನ ಹಾಗೆ ಬಾಗಿತ್ತು. ತಾಯಿ ಹೋದ ಮೇಲೆ ಅವನನ್ನು ಸಾಕಿ ಓದಿಸಿದ ಅಕ್ಕನಿಗೆ ಅದನ್ನು ನೋಡಿ ಸಂಕಟವಾಗುತ್ತಿತ್ತು. ಹೊಲಿಗೆ ಟೀಚರ ಕೆಲಸದಿಂದ ನಿವೃತ್ತಳಾದದ್ದೇ ತಡ, "ನಡಿಯೋ, ಎಲ್ಲಾದ್ರೂ ಸಮುದ್ರದ ದಡದಲ್ಲಿ ಕೂತು ಬರೋಣ," ಎಂದು ಹೊರಡಿಸಿದಳು. ಅವನ ಆಸೆಯೂ ದೊಡ್ಡದಲ್ಲ. ಒರಗುವ ಕುರ್ಚಿಯಲ್ಲಿ ಕಾಲು ಚಾಚಿ ಒಂದು ಇಡೀ ದಿನ ಸಮುದ್ರ ನೋಡಬೇಕು. ಸಮುದ್ರಕ್ಕೆ ಹಲ್ಲಿಲ್ಲ, ಅವನಿಗೆ ಅಷ್ಟು ಸಾಕು. ಮೂರು ದಿನದ ಪ್ರವಾಸದಲ್ಲಿ ಹೋಗುವುದಕ್ಕೊಂದು, ಬರುವುದಕ್ಕೊಂದು ಕಳೆದರೆ ಅಂಥ ದಿನ ನಡುವೆ ಉಳಿಯುತ್ತಿದ್ದದ್ದೂ ಒಂದೇ.

"ಅಕ್ಕಾ, ದಮ್ಮಯ್ಯ ಅಂತೀನಿ," ಎಂದ ಟ್ಯಾಕ್ಸಿಯಲ್ಲಿ. "ಅಲ್ಲಿ ಯಾರಿಗೂ ನಾನು ಡಾಕ್ಟ್ರು ಅಂತ ಹೇಳ್ಬೇಡ."

"ಕೇಳಿದ್ರೆ ಏನು ಹೇಳ್ಲಿ?"

"ಏನಾದ್ರೂ ಹೇಳು. ರಜಕ್ಕೆ ಬಂದವರಿಗೆ ಬೇಡವಾದ ಕೆಲಸ ಯಾವುದಾದ್ರೂ ಹೇಳು."

ಅಕ್ಕ ಆಗಲಿ ಎಂದು ತಲೆಯಾಡಿಸಿದಳು. ತಲೆಯ ಜೊತೆ ಅವಳ ಮುಂದಿನ ಹಲ್ಲಿನ ಕ್ಯಾಪೂ ಕೊಂಚ ಆಡಿತು. ಅದು ಬಹಳ ದಿನದಿಂದ ಸಡಿಲ. ಹಲ್ಲಿನ ಡಾಕ್ಟರನ್ನೇ ಸಾಕಿದವಳಿಗೆ ಹಲ್ಲಿನ ಸೂಜಿ ಎಂದರೆ ಪ್ರಾಣಭಯ. ಹಾಗಾಗಿ ಅದು ಸಡಿಲವಾದಾಗೆಲ್ಲ ತಮ್ಮನೇ ಮನೆಯಲ್ಲಿ ಸಿಮೆಂಟು ಕಲಸಿ ಅಂಟಿಸಿಕೊಡುತ್ತಿದ್ದ. ಈ ಸಲವೂ ಒಂದು ಚಿಕ್ಕ ಡಬ್ಬಿಯಲ್ಲಿ ಹಲ್ಲಿನ ಸಿಮೆಂಟು, ಹಲ್ಲಿನ ಸಂದಿ ನೋಡುವ ಪುಟ್ಟ ಬಾಯಿ ಕನ್ನಡಿ, ಒಂದು ಇಕ್ಕಳ ಇಟ್ಟುಕೊಂಡು ಬಂದಿದ್ದ.

ಅತಿಥಿಗೃಹದ ಒಡತಿ ನಮ್ಮ ಭಾಷೆಯವಳೇ. ಎಷ್ಟೋ ವರ್ಷಗಳ ಹಿಂದೆ ಆ ಊರಿಗೆ ಸೊಸೆಯಾಗಿ ಬಂದವಳು. ಮಾತಿನ ಸುಖಕ್ಕೆ ನಮ್ಮವರೇ ಅವಳ ಮನೆ ಹುಡುಕಿಕೊಂಡು ಬರುತ್ತಿದ್ದರು. ಹೀಗಾಗಿ ಸಮುದ್ರ ದಾಟಿ ಬಂದರೂ ಅಕ್ಕತಮ್ಮನಿಗೆ ನೆರೆಹೊರೆಯವರ ಕಾಟ ತಪ್ಪುವಂತಿರಲಿಲ್ಲ.

"ತಮ್ಮನವರು ಏನು ಕೆಲಸ ಮಾಡ್ತಾರೆ?" ಒಡತಿ ಬೀಗದ ಕೈ ಕೊಡುವ ಮೊದಲೇ ಕೇಳಿದಳು.

ಅಕ್ಕನ ಕಣ್ಣು ಅಂಗಳದ ಮೂಲೆಯಲ್ಲಿ ತೊಟ್ಟಿಕ್ಕುತ್ತಿದ್ದ ನಲ್ಲಿಯ ಮೇಲೆ ಬಿತ್ತು. "ನಲ್ಲಿ ರಿಪೇರಿ. ಪೈಪು, ಸಿಂಕು, ಎಲ್ಲಾ ಮಾಡ್ತಾನೆ," ಎಂದಳು.

ಒಡತಿ ಎರಡೂ ಕೈ ಜೋಡಿಸಿದಳು. "ದೇವರು ಬಂದ ಹಾಗೆ ಬಂದ್ರಿ ಅಣ್ಣಾ. ಈ ಬೀದಿಗೆಲ್ಲ ಇದ್ದವನೊಬ್ಬನೇ ನಲ್ಲಿಯವನು, ಅವನು ಸೊಂಟ ಹಿಡ್ಕೊಂಡು ಮಲಗಿದಾನೆ."

ರೂಮಿನ ಬಾಗಿಲು ಹಾಕಿಕೊಂಡದ್ದೇ ತಮ್ಮ ಸಿಡುಕಿದ. "ನಿನಗೆ ಬೇರೆ ಕೆಲಸವೇ ಹೊಳೀಲಿಲ್ವಾ?"

"ಸಮುದ್ರದ ಪಕ್ಕದಲ್ಲಿ ನೀರಿಗೇನು ಬರ ಅಂದ್ಕೊಂಡೆ. ಅಲ್ದೆ ಪೂರಾ ಸುಳ್ಳೂ ಅಲ್ಲ ಕಣೋ. ತೂತು ಮುಚ್ತೀಯ, ಸೋರೋದು ನಿಲ್ಲಿಸ್ತೀಯ, ಕೆಟ್ಟಿದ್ದು ಕೀಳ್ತೀಯ. ಹಲ್ಲಾದ್ರೇನು, ನಲ್ಲಿಯಾದ್ರೇನು?"

ಮರುದಿನ ಬೆಳಿಗ್ಗೆ ತಮ್ಮ ಟವೆಲು ಹೆಗಲಿಗೆ ಹಾಕಿಕೊಂಡು ಅಂಗಳದಾಚೆಯ ಮರಳಿಗೆ ಇಳಿದ. ದೊಡ್ಡ ಕೊಡೆಯ ನೆರಳಲ್ಲಿ ಎರಡು ಒರಗು ಕುರ್ಚಿ. ಒಂದರಲ್ಲಿ ಆಗಲೇ ಒಬ್ಬರು, ಕೆನ್ನೆಗೆ ಮಫ್ಲರ್ ಸುತ್ತಿಕೊಂಡು ಕಣ್ಣು ಮುಚ್ಚಿ ಮಲಗಿದ್ದರು. ಅವರು ಕವಿಗಳಂತೆ. ಬಂದ ದಿನವೇ ಎಲ್ಲರಿಗೂ ಹಾಗೆಂದು ತಿಳಿಸಿದ್ದರಂತೆ. ಆಮೇಲೆ ಅವರ ಹತ್ತಿರ ಒಬ್ಬರೂ ಸುಳಿದಿರಲಿಲ್ಲ.

ತಮ್ಮ ಇನ್ನೊಂದು ಕುರ್ಚಿಯ ಮೇಲೆ ಟವೆಲು ಹಾಸಿದ. ನೀಲಿ ನೀರು ಆಕಾಶದ ತನಕ ಹರಡಿಕೊಂಡಿತ್ತು. ಅವನ ಕಣ್ಣಲ್ಲಿ ನೀರೇ ಬಂತು. ಕುಳಿತ; ಬೆನ್ನು ಇನ್ನೂ ಕುರ್ಚಿಗೆ ತಾಗಿರಲಿಲ್ಲ.

"ಅಣ್ಣಾ," ಎಂದು ಅಡುಗೆಮನೆಯ ಕಿಟಕಿಯಿಂದ ಒಡತಿ ಕರೆದಳು. "ಒಂದೇ ಒಂದು ನಿಮಿಷ ಬಂದು ಹೋಗಿ."

ನೋಡಿ, ಆಗಲ್ಲ ಅಂದುಬಿಟ್ಟರಾಯಿತು ಎಂದುಕೊಂಡು ತಮ್ಮ ಹೋದ. ಆದರೆ ಆಗಲ್ಲ ಎಂಬ ಮಾತು ಅವನ ನಾಲಿಗೆಗೆ ಯಾವತ್ತೂ ಹತ್ತಿದ್ದಲ್ಲ. ಅಡುಗೆಮನೆಯ ನಲ್ಲಿಯ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅದರಿಂದ ನೀರು ಜಿನುಗುತ್ತಿತ್ತು. ಅವನು ಅಭ್ಯಾಸಬಲದಿಂದ ಬಗ್ಗಿ, ಜೇಬಿನ ಡಬ್ಬಿಯಿಂದ ಬಾಯಿ ಕನ್ನಡಿ ತೆಗೆದು ಹಿಡಿದು, ಹಿಂದೆ ಮುಂದೆ ನೋಡಿದ. "ಎಷ್ಟು ದಿನದಿಂದ ಹೀಗಿದೆ? ಬಿಸಿನೀರಿಗೆ ಜಾಸ್ತಿಯಾ, ತಣ್ಣೀರಿಗಾ?" ಎಂದು ಕೇಳಿದ. ಇಷ್ಟು ಕಾಳಜಿಯಿಂದ ನಲ್ಲಿಯನ್ನು ವಿಚಾರಿಸಿದವರನ್ನು ಒಡತಿ ಕಂಡಿರಲಿಲ್ಲ. ಅವಳೇ ಸಿಂಕಿನ ಕೆಳಗಿನ ತಿರುಪು ಕಟ್ಟಿ ನೀರು ನಿಲ್ಲಿಸಿದಳು. ತಮ್ಮ ಹತ್ತಿಯಿಂದ ಬಿರುಕು ಒರೆಸಿ, ಸಾಸರಿನಲ್ಲಿ ಚಿಟಿಕೆ ಸಿಮೆಂಟು ಕಲಸಿ ತುಂಬಿದ.

ಒಡತಿ ತಿರುಪು ಬಿಚ್ಚಿ ಮತ್ತೆ ನೀರು ಬಿಟ್ಟರೆ, ಸೋರುವುದು ನಿಂತುಬಿಟ್ಟಿತ್ತು. ಒಡತಿಗಿಂತ ಅವನಿಗೇ ಹೆಚ್ಚು ಆಶ್ಚರ್ಯವಾಯಿತು.

"ಎರಡು ಗಂಟೆ ಹೊತ್ತು ಈ ಕಡೆಯಿಂದ ಏನೂ ಜಗಿಯಬೇಡಿ," ಎಂದು ಹೇಳಿ ಕೈ ತೊಳೆಯಲು ಹೋದ.

ಹೊಗಳಿಕೆ ಎಂಬುದು ಜಾರುವ ಬಂಡೆ. ತಮ್ಮ ಕುರ್ಚಿಗೆ ವಾಪಸು ಹೋಗುವಷ್ಟರಲ್ಲಿ ಒಡತಿ ಅತಿಥಿಗಳಿಗೆಲ್ಲ ಡಂಗುರ ಹೊಡೆದಿದ್ದಳು. ಮೇಲಿನ ಕೋಣೆಯ ನಿವೃತ್ತ ಹೆಡ್‌ಮಾಸ್ತರೊಬ್ಬರು ಪಂಚೆ ಎತ್ತಿ ಕಟ್ಟಿಕೊಂಡು ಎದುರಾದರು. "ಏನಪ್ಪಾ, ನಮ್ಮ ಬಚ್ಚಲಿನ ನಲ್ಲಿ ಕಟ್ಟಿದ್ರೂ ಅಳ್ತಾನೇ ಇರುತ್ತೆ. ಬಾ," ಎಂದು ಮೇಷ್ಟರ ಗತ್ತಿನಲ್ಲಿ ಕೈ ಹಿಡಿದು ನಡೆಸಿದರು. ಅಲ್ಲೂ ಸಿಮೆಂಟು ತುಂಬಿದ್ದಾಯಿತು. ಅವರ ಪಕ್ಕದ ಕೋಣೆಯವರು ಬಾಗಿಲಲ್ಲೇ ಕಾದಿದ್ದರು. ಆಮೇಲೆ ಎದುರು ಕೋಣೆಯವರು.

ನಡುವೆ ಅಕ್ಕ ಮೆಟ್ಟಿಲ ಬಳಿ ಸಿಕ್ಕಿದಳು. "ಲೋ, ಹಲ್ಲು ಯಾಕೋ ತುಂಬಾ ಅಲ್ಲಾಡ್ತಿದೆ. ಒಂಚೂರು ಅಂಟಿಸಿಕೊಡೋ."

"ಆಮೇಲೆ ಅಕ್ಕಾ. ಕಲಸಿದ ಸಿಮೆಂಟು ಗಟ್ಟಿಯಾಗತ್ತೆ," ಎಂದು ತಮ್ಮ ಸಾಸರು ಹಿಡಿದು ಓಡಿದ.

ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಅಂಗಳದ ನಲ್ಲಿ. ಅದು ಬುಡದಲ್ಲೇ ಸಡಿಲವಾಗಿತ್ತು. ಇದಕ್ಕೆ ಸಿಮೆಂಟು ಪ್ರಯೋಜನವಿಲ್ಲ, ಕೀಳಲೇಬೇಕು ಎಂದು ಅವನ ಅನುಭವ ಹೇಳಿತು. ಕೀಳುವುದರಲ್ಲಿ ಅವನು ಎತ್ತಿದ ಕೈ. ಒಡತಿಯ ಇಕ್ಕಳದಿಂದ ನಲ್ಲಿಯನ್ನು ಹಿಡಿದು ಮೆಲ್ಲಗೆ ಮುಂದಕ್ಕೆ, ಹಿಂದಕ್ಕೆ ಆಡಿಸತೊಡಗಿದ.

ಕೊಡೆಯ ಕೆಳಗೆ ಮಲಗಿದ್ದ ಕವಿಗಳು ಧಡಕ್ಕನೆ ಎದ್ದು ಕೂತರು. "ಅಯ್ಯೋ," ಎಂದರು, ಕೆನ್ನೆ ಹಿಡಿದುಕೊಂಡು. ತಮ್ಮ ಇನ್ನೊಮ್ಮೆ ಆಡಿಸಿದ. ಕವಿಗಳು ಎದ್ದು ನಿಂತು, ಏನೋ ಹೇಳಹೊರಟು, ಸುತ್ತ ನೆರೆದವರನ್ನು ನೋಡಿ ನುಂಗಿಕೊಂಡರು. ಕೊನೆಗೆ ಆಕಾಶದ ಕಡೆ ಮುಖ ಮಾಡಿ ನಡುಗುವ ದನಿಯಲ್ಲಿ ನುಡಿದರು:

"ಮೂಲವ ಮುಚ್ಚದೆ ತುದಿಯ ತಿರುಗಿಸಿದರೇನು ಫಲ, ಮರುಳೇ!"

"ಆಹಾ," ಎಂದರು ಹೆಡ್‌ಮಾಸ್ತರು. "ಎಂಥಾ ಅಧ್ಯಾತ್ಮ. ಇಡೀ ಸಂಸಾರ ಇದೆ ಅದರಲ್ಲಿ."

ಅಷ್ಟರಲ್ಲಿ ನಲ್ಲಿ ಬೇರು ಸಮೇತ ಕಿತ್ತು ಬಂತು. ಹಿಂದೆಯೇ ನೀರು ಆಳೆತ್ತರಕ್ಕೆ ಚಿಮ್ಮಿತು. ತಮ್ಮ ಹತ್ತಿ ಒತ್ತಿದ, ಹತ್ತಿ ಹಾರಿತು. "ಗಟ್ಟಿಯಾಗಿ ಕಚ್ಚಿ ಹಿಡ್ಕೊಳ್ಳಿ," ಎಂದು ಬಾಯಿಗೆ ಬಂದದ್ದನ್ನು ತಡೆದುಕೊಂಡು ಹೆಬ್ಬೆರಳು ಒತ್ತಿ ಕೂತ. ಹೆಬ್ಬೆರಳು ತೆಗೆದರೆ ಕಾರಂಜಿ, ಇಟ್ಟರೆ ಸೆರೆಮನೆ. ಒಡತಿ ಊಟವನ್ನು ಅಲ್ಲಿಗೇ ತಂದು ಕೊಟ್ಟಳು. ಅವನು ಕೂತ ಜಾಗದಿಂದ ಕಾಣುತ್ತಿದ್ದದ್ದು ಗೋಡೆ. ಬೆನ್ನ ಹಿಂದೆ ಸಮುದ್ರ ಮೊರೆಯುವುದು ಮಾತ್ರ ಕೇಳಿಸುತ್ತಿತ್ತು. ಇಷ್ಟು ದೂರ ಬಂದು ಗೋಡೆ ನೋಡುವ ಹಣೆಬರಹಕ್ಕೆ ಅವನಿಗೆ ಅಳು ಬಂದಿತು. ಮುಖ ಹೇಗೂ ಒದ್ದೆಯಾಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಸಂಜೆಯ ಹೊತ್ತಿಗೆ ನೀರು ತಾನಾಗಿ ನಿಂತಿತು. ಯಾರೋ ಪುಣ್ಯಾತ್ಮರು ಮನೆಯ ಹಿಂದೆ ಹೋಗಿ ಅಂಗಳದ ವಾಲ್ವು ತಿರುಗಿಸಿ ಬಂದಿದ್ದರು. ಯಾರೆಂದು ಯಾರೂ ಕೇಳಲಿಲ್ಲ. ಎಲ್ಲರೂ ತಮ್ಮನ ಬೆನ್ನು ತಟ್ಟಿದರು.

ಊಟದ ಮನೆಯ ಮೂಲೆಯ ಸಿಂಕಿನಲ್ಲಿ ಅಕ್ಕ ಬಾಯಿ ಮುಕ್ಕಳಿಸುತ್ತಿದ್ದಳು. ಟಿಣ್ ಎಂದು ಸದ್ದಾಯಿತು. ಅಕ್ಕ ತಿರುಗಿದಳು. ಮುಂದಿನ ಹಲ್ಲಿದ್ದ ಜಾಗದಲ್ಲಿ ಒಂದು ಕಿಟಕಿ ತೆರೆದಿತ್ತು.

"ಕ್ಯಾಪು ಒಳಗೆ ಹೋಯ್ತಲ್ಲೋ."

ತಮ್ಮ ಓಡಿ ಬಂದ. ಸಿಂಕಿನ ತೂತಿನಲ್ಲಿ ಬಾಯಿ ಕನ್ನಡಿ ಇಳಿಸಿ ನೋಡಿದ. ಕತ್ತಲೆ. ಇಕ್ಕಳ ಇಳಿಸಿದ. ಏನೂ ಸಿಗಲಿಲ್ಲ. "ಸಿಕ್ಕಿದ್ರೂ ಈಗ ಅಂಟಿಸಕ್ಕಾಗಲ್ಲ ಅಕ್ಕಾ," ಎಂದ ಮೆಲ್ಲಗೆ. "ಸಿಮೆಂಟು ಮುಗಿದುಹೋಯ್ತು."

ಅಕ್ಕನ ತಾಳ್ಮೆ ಅಲ್ಲಿಗೆ ಹರಿಯಿತು. "ಬೆಳಿಗ್ಗೆಯಿಂದ ಬಡ್ಕೋತಿದೀನಿ. ಊರವರ ಹಲ್ಲೆಲ್ಲ ನೆಟ್ಟಗೆ ಮಾಡೋ ಡಾಕ್ಟರು ನೀನು, ಸ್ವಂತ ಅಕ್ಕನ ಹಲ್ಲಿನ ಮದ್ದು ತಗೊಂಡು ಹೋಗಿ ಬಚ್ಚಲು ನಲ್ಲಿಗೆ ಮೆತ್ತಿದ್ಯಲ್ಲೋ."

ಊಟದ ಮನೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೆಡ್‌ಮಾಸ್ತರ ಕೈಯ ಚಮಚ ಅರ್ಧ ದಾರಿಯಲ್ಲೇ ನಿಂತಿತು. ಅಷ್ಟರಲ್ಲಿ ಅಡುಗೆಮನೆಯಿಂದ ಟಪ್ ಎಂಬ ಶಬ್ದ, ಬೆನ್ನಿಗೇ ನೀರು ಬೀಳುವ ಸದ್ದು. ಬೆಳಗಿನ ಸಿಮೆಂಟು ಕಳಚಿತ್ತು. ಮೇಲಿನ ಬಚ್ಚಲಿಂದಲೂ ಅದೇ ಸದ್ದು ಉತ್ತರ ಕೊಟ್ಟಿತು. ತಮ್ಮ ದಿಕ್ಕು ತೋಚದೆ ಸಿಂಕಿನ ಕೆಳಗಿನ ಪೈಪನ್ನು ಇಕ್ಕಳದಿಂದ ಹಿಡಿದು ಮುಂದಕ್ಕೆ, ಹಿಂದಕ್ಕೆ ಆಡಿಸಲು ಬಗ್ಗಿದ.

"ಅದನ್ನ ಮುಟ್ಟಬೇಡಿ."

ಗುಡುಗಿದವರು ಕವಿಗಳು. ಮಫ್ಲರ್ ಬಿಚ್ಚಿ ಎಸೆದು, ತೋಳು ಮಡಿಸಿ, ಸಿಂಕಿನ ಕೆಳಗೆ ನುಗ್ಗಿದರು. ಬಕೆಟ್ಟು ಇಟ್ಟು, ಪೈಪಿನ ಬಾಗನ್ನು ಬರಿಗೈಯಲ್ಲಿ ತಿರುಗಿಸಿ ಬಿಚ್ಚಿ, ಬಿದ್ದ ಕೊಳೆಯಲ್ಲಿ ಕೈಯಾಡಿಸಿ ಕ್ಯಾಪನ್ನು ತೊಳೆದು ಅಕ್ಕನ ಅಂಗೈಗೆ ಇಟ್ಟರು. ಬಚ್ಚಲಿಗೂ ಅಡುಗೆಮನೆಗೂ ಹೋಗಿ ನೀರು ನಿಲ್ಲಿಸಿ ಬಂದರು. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

"ನಾನು ಕವಿಯಲ್ಲ," ಎಂದರು ಕವಿಗಳು, ತಲೆ ತಗ್ಗಿಸಿ. "ನಲ್ಲಿ ಕೆಲಸದವನು. ಹೋದಲ್ಲೆಲ್ಲ ಜನ ಸಿಂಕು ತೋರಿಸ್ತಾರೆ. ಮದುವೆಮನೆಯಲ್ಲಿ ಊಟಕ್ಕೆ ಕೂತವನನ್ನ ಎಬ್ಬಿಸಿ ಮೋರಿ ತೋರಿಸಿದ್ರು. ಒಂದು ನಾಲ್ಕು ದಿನ ಸುಖವಾಗಿರೋಣ ಅಂತ ಈ ವೇಷ ಹಾಕಿದೆ. ಈ ಸಾರ್ ನಲ್ಲಿ ಕೀಳೋದು ನೋಡ್ತಾ ಕೂರೋ ಹಿಂಸೆ ಇದೆಯಲ್ಲ, ಶತ್ರುವಿಗೂ ಬೇಡ."

"ಹಾಗಾದ್ರೆ ಮೂಲವ ಮುಚ್ಚದೆ ಅಂದ್ರಲ್ಲ?" ಹೆಡ್‌ಮಾಸ್ತರ ದನಿ ಸಣ್ಣಗಾಗಿತ್ತು.

"ಅಂಗಳದ ಲೈನಿನ ಮೇನ್ ವಾಲ್ವು, ಮೇಷ್ಟ್ರೇ. ಮನೆ ಹಿಂದಿದೆ."

ಒಡತಿ ಒಮ್ಮೆ ಇವನನ್ನು, ಒಮ್ಮೆ ಅವರನ್ನು ನೋಡಿದಳು. ಕವಿಯಲ್ಲದ ಕವಿಗಳು ತಮ್ಮನ ಹತ್ತಿರ ಬಂದು ನಾಚಿಕೊಂಡು ನಿಂತರು. ಮಫ್ಲರ್ ಇಲ್ಲದ ಕೆನ್ನೆ ಬನ್ನಿನಷ್ಟು ದಪ್ಪ ಊದಿತ್ತು.

"ಸಾರ್, ನೀವು ನಿಜವಾಗ್ಲೂ ಹಲ್ಲಿನ ಡಾಕ್ಟ್ರಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಬಾಯಿ ತೆರೆದರು.

ಊರಿಗೆ ಹೊರಡುವ ಟ್ಯಾಕ್ಸಿ ಮರುದಿನ ಮಧ್ಯಾಹ್ನಕ್ಕಿತ್ತು. ಹಾಗಾದರೆ ಬೆಳಗಿನ ಹೊತ್ತಾದರೂ ನನ್ನದು ಎಂದು ತಮ್ಮ ಇನ್ನೂ ಬೆಳಕು ಹರಿಯುವಾಗಲೇ ಟವೆಲು ಹಿಡಿದು ಕೆಳಗಿಳಿದ. ಮರಳಿನ ಮೇಲೆ ಕೊಡೆಯಿತ್ತು, ಕುರ್ಚಿಗಳಿರಲಿಲ್ಲ.

"ಈ ಕಡೆ ಬನ್ನಿ ಡಾಕ್ಟ್ರೇ," ಎಂದಳು ಒಡತಿ, ಜಗುಲಿಯಿಂದ. ರಾತ್ರಿ ಕಳೆಯುವುದರೊಳಗೆ ಅವಳ ಬಾಯಲ್ಲಿ 'ಅಣ್ಣ' ಹೋಗಿ 'ಡಾಕ್ಟ್ರು' ಬಂದಿತ್ತು. "ನಿಮ್ಮ ಕುರ್ಚಿ ಇಲ್ಲೇ ಹಾಕ್ಸಿದೀನಿ."

ಜಗುಲಿಯ ಅಂಚಿನಲ್ಲಿ ಒಂದು ಒರಗು ಕುರ್ಚಿ ಸಮುದ್ರಕ್ಕೆ ಮುಖ ಮಾಡಿತ್ತು. ಎಂಥ ಜಾಗ! ಇಡೀ ಕಡಲು ಬಯಲಾಗಿ ಕಾಣುತ್ತಿತ್ತು. ತಮ್ಮನ ಎದೆ ತುಂಬಿ ಬಂತು. ಆಗ ಅವನಿಗೆ ಕುರ್ಚಿಯ ಪಕ್ಕದ ಬಿಸಿನೀರಿನ ಚೊಂಬು, ಬೇಸಿನ್ನು, ಹತ್ತಿ, ತನ್ನದೇ ಬಾಯಿ ಕನ್ನಡಿ ಕಂಡವು. ಗೋಡೆಗುಂಟ ಹೆಡ್‌ಮಾಸ್ತರು, ಅವರ ಹೆಂಡತಿ, ಪಕ್ಕದ ಕೋಣೆಯವರು, ಎದುರು ಕೋಣೆಯವರು, ಬೀದಿಯ ಯಾರು ಯಾರೋ ಸಾಲಾಗಿ ಕೂತಿದ್ದರು. ಸೊಂಟ ಹಿಡಿದು ಮಲಗಿದ್ದ ನಲ್ಲಿಯವನೂ ಕೋಲೂರಿಕೊಂಡು ಬಂದಿದ್ದ.

"ನೋವಾಗೋವರು ಸಮುದ್ರ ನೋಡ್ತಾ ಇದ್ರೆ ಮನಸ್ಸಿಗೆ ಸಮಾಧಾನ ಅಂತ ಆ ಕಡೆಗೆ ತಿರುಗಿಸಿ ಹಾಕಿದೀನಿ," ಎಂದು ಒಡತಿ ವಿವರಿಸಿದಳು. "ನಿಮಗೆ ಸ್ಟೂಲು ಇದೆ."

ಅಕ್ಕ ಅಲ್ಲೇ ನಿಂತಿದ್ದಳು. ಹಲ್ಲಿನ ಕಿಟಕಿಗೆ ಸೆರಗು ಅಡ್ಡ ಹಿಡಿದಿದ್ದಳು. ಊರು ಸೇರುವ ತನಕ ಅವಳು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆ ಯೋಗ ವಿಮಾನದಲ್ಲೇ ಬಂದಿದ್ದರೆ ಎಂದು ತಮ್ಮ ನೆನೆದುಕೊಂಡ.

ಮೊದಲ ಸರದಿ ಮಾಜಿ ಕವಿಗಳದ್ದು. ಆಮೇಲೆ ಅವರಿಗೂ ಕೆಲಸ ಕಾದಿತ್ತು, ಡಾಕ್ಟ್ರು ಮುಟ್ಟಿದ ನಲ್ಲಿಗಳನ್ನೆಲ್ಲ ರಿಪೇರಿ ಮಾಡುವುದು. ಅವರು ಕುರ್ಚಿಯಲ್ಲಿ ಒರಗಿ ಕಾಲು ಚಾಚಿದರು. ತಮ್ಮ ಸಮುದ್ರಕ್ಕೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತು ಕನ್ನಡಿ ಎತ್ತಿದ. ಒಂದು ನಾಣ್ಯದಷ್ಟೇ ಅಗಲದ ಆ ಗಾಜಿನಲ್ಲಿ ಒಂದು ಕ್ಷಣ ನೀಲಿ ನೀರು, ನೊರೆ, ಒಂದು ದೋಣಿ ಎಲ್ಲ ಕಂಡವು. ಅವನು ಕೈ ಅಲ್ಲಾಡಿಸದೆ ನೋಡಿದ.

"ಎಂಥಾ ಸಮುದ್ರ ಸಾರ್," ಎಂದರು ಕುರ್ಚಿಯಲ್ಲಿದ್ದವರು. "ನೀವೂ ಸ್ವಲ್ಪ ಹೊತ್ತು ಕೂತು ನೋಡ್ಬೇಕಿತ್ತು."

"ಬಾಯಿ ತೆಗೀರಿ," ಎಂದ ತಮ್ಮ.