ಬೆಣ್ಣೆ ಕ್ಯಾಪ್ಟನ್ನರ ಭಾಷಣ

ಎಲ್ಲಕ್ಕೂ ಮೂಲ ಪಕ್ಕದ ಮನೆಯಾಕೆ ಕೇಳಿದ ಒಂದು ಪ್ರಶ್ನೆ.

"ನಿಮ್ಮ ಯಜಮಾನ್ರು ಇನ್ನೂ ಆ ಫ್ಯಾನ್ ಇರೋ ವಿಮಾನಾನೇ ಓಡಿಸ್ತಾರಾ? ಕರೆಂಟ್ ಹೋದ್ರೆ ಏನ್ ಮಾಡ್ತಾರೆ?"

ಕ್ಯಾಪ್ಟನ್ನರ ಹೆಂಡತಿ ಅದನ್ನು ಒಂದಕ್ಷರ ಬಿಡದೆ ಬೆಳಗಿನ ಕಾಫಿಯ ಜೊತೆ ಗಂಡನ ಮುಂದಿಟ್ಟರು. "ಇವತ್ತು ಮೀಟಿಂಗ್ ಮುಗಿಸಿ ಬರುವಾಗ ಜೆಟ್ ಸಿಕ್ಕಿರ್ಬೇಕು. ನನ್ನ ಮರ್ಯಾದೆ ಪ್ರಶ್ನೆ," ಎಂದೂ ಸೇರಿಸಿದರು.

ಕ್ಯಾಪ್ಟನ್ನರಿಗೂ ಜೆಟ್ ಬೇಕಿತ್ತು. ಅವರು ವಿಮಾನ ಇಳಿಸಿದ್ದು ನಿದ್ದೆಯಲ್ಲಿದ್ದ ಪ್ರಯಾಣಿಕರಿಗೆ ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೇ ಎಲ್ಲರ ಬಾಯಲ್ಲೂ ಅವರು ಬೆಣ್ಣೆ ಕ್ಯಾಪ್ಟನ್. ಸೇರಿದಾಗಿನಿಂದ ಓಡಿಸಿದ್ದು ಮಾತ್ರ ಒಂದೇ ಜಾತಿಯ ವಿಮಾನ, ರೆಕ್ಕೆಗೊಂದು ಪ್ರೊಪೆಲರ್ ಇರುವ ಹಳೇ ಗಾಡಿ. ಅದರ ಹೆಸರು ಅಜ್ಜಿ. ಅಜ್ಜಿಗೆ ಮೋಡ ದಾಟಿ ಮೇಲೇರುವ ತ್ರಾಣವಿಲ್ಲ, ಒಳಗೇ ನುಗ್ಗಿ ಕುಲುಕಾಡಿಕೊಂಡು ಹೋಗಬೇಕು. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಅಷ್ಟರೊಳಗೆ ಗುಡುಗು ಮಿಂಚನ್ನೆಲ್ಲ ಕಾಲ ಕೆಳಗೆ ಬಿಟ್ಟು ಒಮ್ಮೆಯಾದರೂ ತಣ್ಣಗೆ ಹಾರಬೇಕು ಎನ್ನುವುದು ತರಬೇತಿಯ ಕಾಲದಿಂದ ಇದ್ದ ಆಸೆ.

ಕಂಪನಿ ತರಿಸುತ್ತಿದ್ದ ಹೊಸ ಜೆಟ್‌ಗಳಿಗೆ ಆರು ಕ್ಯಾಪ್ಟನ್ನರು ಸಾಕು. ಹಿರಿತನದಲ್ಲಿ ಬೆಣ್ಣೆ ಏಳನೆಯವರು! ಮೊದಲ ನಾಲ್ವರು ಜೆಟ್‌ಗೆ ತುದಿಗಾಲಲ್ಲಿ ನಿಂತಿದ್ದರು. ಆಮೇಲಿನ ಇಬ್ಬರೆಂದರೆ ಹಳೇ ಗೆಳೆಯ ಮೀಸೆ ಕ್ಯಾಪ್ಟನ್ ಮತ್ತು ಹೆಂಡತಿಯ ಸ್ವಂತ ಅಣ್ಣ, ಅಂದರೆ ಬೆಣ್ಣೆಯ ಭಾವ. ಯಾರಿಗೆ ಯಾವುದು ಬೇಕೆಂದು ಸಂಜೆಯೊಳಗೆ ಡ್ಯೂಟಿ ಹಂಚುವ ಮೇಡಂಗೆ ಹೇಳಬೇಕು. ಒಮ್ಮೆ ಹೇಳಿದರೆ ಮುಗಿಯಿತು, ಬದಲಾಯಿಸುವಂತಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಅಜ್ಜಿಯ ಸೆರಗು ಹಿಡಿದು ಉಳಿದರೆ ಬೆಣ್ಣೆಗೆ ಜೆಟ್.

ಲೋಟ ಕೆಳಗಿಡುವಷ್ಟರಲ್ಲಿ ಉಪಾಯ ಹೊಳೆಯಿತು. ಸಭೆಯಲ್ಲಿ ಅಜ್ಜಿಯನ್ನು ಹಾಡಿ ಹೊಗಳಬೇಕು, ಇಬ್ಬರ ಕರುಳೂ ಚುರುಕ್ ಎನ್ನಬೇಕು.

ಪೈಲಟ್‌ಗಳ ಸಂಘದ ಸಭೆ ಸೇರಿದ್ದು ಸಿಬ್ಬಂದಿ ವಿಶ್ರಾಂತಿ ಕೋಣೆಯಲ್ಲಿ. ಹೊಸ ಒಪ್ಪಂದದಲ್ಲಿ ಮೊದಲು ಏನು ಕೇಳಬೇಕು ಎಂಬ ಪ್ರಶ್ನೆಗೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು. ಹಿರಿಯರಿಗೆ ಹಿರಿತನವೇ ಮೊದಲು, ಕಿರಿಯರಿಗೆ ರಜೆಯೇ ಮೊದಲು.

"ಜನ ಸಾಲ್ತಿಲ್ಲ ಸರ್," ಎಂದ ಒಬ್ಬ ಕೋ-ಪೈಲಟ್. "ನನ್ನ ನಿಶ್ಚಿತಾರ್ಥದ ದಿನಾನೂ ಡ್ಯೂಟಿಗೆ ಕರೆದ್ರು. ಫೋಟೋದಲ್ಲಿ ಹುಡುಗಿ ಪಕ್ಕ ನಮ್ಮಣ್ಣ ನಿಂತಿದಾನೆ."

"ಅದು ಹಾಗಿರ್ಲಿ, ಮೊದ್ಲು ಈ ಮಷೀನ್ ಕಾಫಿ ತೆಗೆಸ್ರಪ್ಪ," ಎಂದರು ಭಾವ.

ಸಂಘದ ಅಧ್ಯಕ್ಷರು ಮೇಜು ಕುಟ್ಟಿ ಸುಸ್ತಾದ ಹೊತ್ತಿಗೆ ಬೆಣ್ಣೆ ಕ್ಯಾಪ್ಟನ್ನರು ಎದ್ದು ನಿಂತರು.

"ಜೆಟ್ ಬರ್ಲಿ, ಸಂತೋಷ. ಆದ್ರೆ ಅಜ್ಜೀನ ಮರೆಯೋಕಾಗುತ್ತಾ? ಮಳೆ ಬಂದ್ರೆ ಕಿಟಕಿ ಸೋರಿ ಎಡಮಂಡಿ ಮೇಲೆ ತೊಟ್ಟಿಕ್ತಿತ್ತು. ಮನೆಯಿಂದ ಟವೆಲ್ ತರ್ತಿದ್ವಿ. ಎಡಮಂಡಿ ನೋವಿಲ್ಲದ ಕ್ಯಾಪ್ಟನ್ ಯಾರಾದ್ರೂ ಇದ್ರೆ ಕೈ ಎತ್ತಿ ನೋಡೋಣ."

ಒಂದು ಕೈಯೂ ಮೇಲೇಳಲಿಲ್ಲ. ಮೀಸೆ ತಮ್ಮ ಮಂಡಿಯನ್ನು ಮಗುವಿನ ತಲೆಯಂತೆ ನೇವರಿಸಿಕೊಂಡರು. ಮೀನು ಗಾಳ ಕಚ್ಚಿತು ಎಂದು ಬೆಣ್ಣೆಗೆ ಹುರುಪೇರಿತು.

"ನನ್ನ ಮೊದಲ ಕ್ಯಾಪ್ಟನ್ ಹೇಳ್ತಿದ್ರು, 'ಹ್ಯಾಂಡಲ್ ಎಳೀಬೇಡ್ವೋ, ಅಜ್ಜೀನ ಕೇಳ್ಕೋ, ತಾನೇ ಏಳ್ತಾಳೆ' ಅಂತ. ಅವರೂ ಈಗಿಲ್ಲ. ಅಜ್ಜಿ ಕೆಳಗೇ ಹಾರ್ತಾಳೆ ಅಂತ ಎಲ್ರೂ ನಗ್ತಾರೆ. ಕೆಳಗೆ ಹಾರಿದ್ದಕ್ಕೇ ಅಲ್ವೇನ್ರಪ್ಪ..."

ಇಲ್ಲಿಯವರೆಗೆ ಎಲ್ಲವೂ ಕನ್ನಡಿ ಮುಂದೆ ಅಭ್ಯಾಸ ಮಾಡಿದ ಮಾತು. ಮುಂದಿನದು ಎಲ್ಲಿಂದ ಬಂತೋ ಅವರಿಗೇ ತಿಳಿಯಲಿಲ್ಲ.

"ಬೆಳಗಿನ ಟ್ರಿಪ್ ನಮ್ಮ ಹಳೇ ಮನೆ ಮೇಲೇ ಹೋಗುತ್ತೆ. ಅಮ್ಮ ತಾರಸಿಗೆ ಬಂದು ಹಳದಿ ಬೆಡ್‌ಶೀಟ್ ಬೀಸೋಳು. ನಾನು ಒಂಚೂರು ರೆಕ್ಕೆ ವಾಲಿಸ್ತಿದ್ದೆ. ಪ್ರಯಾಣಿಕರ ಮಡಿಲಿಗೆ ಕಾಫಿ ಚೆಲ್ಲೋದು. 'ಗಾಳಿ ಜೋರಾಗಿದೆ, ಕ್ಷಮಿಸಿ' ಅಂತ ಮೈಕ್‌ನಲ್ಲಿ ಹೇಳಿಬಿಡ್ತಿದ್ದೆ."

ಕೋಣೆಯೆಲ್ಲ ನಕ್ಕಿತು. ಬೆಣ್ಣೆ ನಗಲಿಲ್ಲ.

"ಅಮ್ಮ ಹೋಗಿ ಎಷ್ಟೋ ವರ್ಷ ಆಯ್ತು. ಆ ಮನೇಲಿ ಈಗ ಬೇರೆ ಯಾರೋ ಇದಾರೆ. ಅವರ್ಯಾಕೆ ಕೈ ಬೀಸ್ತಾರೆ? ಆದ್ರೂ ನಾನು ದಿನಾ ವಾಲಿಸ್ತೀನಿ."

ಹೆಂಡತಿಗೂ ಹೇಳದ ಗುಟ್ಟು ಅದು. ಅಷ್ಟು ಹೇಳಿ ಕೂತುಬಿಟ್ಟರು. ಮೀಸೆಯ ಮೀಸೆ ತೊಯ್ದಿತ್ತು. ಭಾವ ತಾವು ಬೈಯುತ್ತಿದ್ದ ಕಾಫಿಯನ್ನೇ ಗಟಗಟ ಕುಡಿದು ಮುಖ ಮರೆಸಿಕೊಂಡರು. ಇಬ್ಬರೂ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಹೋದರು.

ಉಪಾಯ ಫಲಿಸಿತ್ತು. ಇನ್ನು ಉಳಿದದ್ದು ಮೇಡಂ ಬಳಿ ಹೋಗಿ ಒಂದು ಮಾತು ಹೇಳುವುದು.

"ನಿಮಗೆ ಯಾವುದು ಸರ್? ಜೆಟ್ಟಾ, ಅಜ್ಜೀನಾ?"

ಜೆಟ್ ಎನ್ನಲು ಬಾಯಿ ತೆರೆದರು. ಅಷ್ಟು ಎತ್ತರದಿಂದ ತಾರಸಿ ಎಲ್ಲಿ ಕಂಡೀತು ಎನ್ನಿಸಿತು. "ಅಜ್ಜಿ," ಎಂದುಬಿಟ್ಟರು. ಮನೆಯಲ್ಲಿ ಏನು ಹೇಳುವುದು ಎಂಬ ಭಯದ ಜೊತೆಗೇ ಚಿಕ್ಕಂದಿನ ಒಂದು ಖುಷಿಯೂ ಬಂದು ಸೇರಿಕೊಂಡಿತು. ಇನ್ನೂ ಮೂರು ವರ್ಷ ಅಮ್ಮನ ತಾರಸಿಯ ಮೇಲೆ ಹಾರಬಹುದು.

ಕಾರುಗಳ ಬಳಿ ಮೀಸೆ ಓಡಿಬಂದು ಅಪ್ಪಿಕೊಂಡರು.

"ಎಂಥ ಮಾತಾಡಿದ್ಯೋ ಬೆಣ್ಣೆ! ನಿಜ ಹೇಳ್ತೀನಿ, ನಾನೂ ನಿಮ್ಮ ಭಾವನೂ ನಿನ್ನೇನೇ ತೀರ್ಮಾನ ಮಾಡಿದ್ವಿ, ಅಜ್ಜೀನ ಬಿಟ್ಟು ಎಲ್ಲೂ ಹೋಗೋದಿಲ್ಲ ಅಂತ."

"ಗೊತ್ತು ಕಣೋ," ಎಂದು ಬೆಣ್ಣೆ ಬೆನ್ನು ತಟ್ಟಿದರು. "ಮೂರೂ ಜನ ಒಟ್ಟಿಗೆ ಉಳಿಯೋಣ."

"ಉಳಿಯೋದೇನು ಬಂತು? ನಿನ್ನ ಮಾತು ಕೇಳಿ ಹೊಟ್ಟೆ ತುಂಬ ಅತ್ವಿ, ಮನಸ್ಸು ಹಗುರಾಯ್ತು. ಇಷ್ಟು ಚೆಂದ ಬೀಳ್ಕೊಟ್ಟ ಮೇಲೆ ಅಜ್ಜಿ ಋಣ ತೀರಿತು ಅನ್ನಿಸ್ತು. ಇಬ್ರೂ ಸೀದಾ ಹೋಗಿ ಜೆಟ್ ಅಂದ್ವಿ."

ಬೆಣ್ಣೆ ಕ್ಯಾಪ್ಟನ್ನರಿಗೆ ನಿಂತ ನೆಲ ಒಂದಡಿ ಕೆಳಗಿಳಿದಂತಾಯಿತು. ತಾವು ಬಾಯಿ ಮುಚ್ಚಿಕೊಂಡಿದ್ದರೆ ಜೆಟ್ ತಾನಾಗಿಯೇ ಮಡಿಲಿಗೆ ಬೀಳುತ್ತಿತ್ತು! ಹೋಗಲಿ, ಅಜ್ಜಿಯಾದರೂ ಇದ್ದಾಳಲ್ಲ ಎಂದು ಸಮಾಧಾನ ತಂದುಕೊಳ್ಳುವಷ್ಟರಲ್ಲಿ ಮೇಡಂ ಫೋನ್ ಬಂತು.

"ಸರ್, ಹಗಲು ಟ್ರಿಪ್‌ಗೆ ಅಜ್ಜೀನ ಇಟ್ಕೋಬೇಕಂದ್ರೆ ಇಬ್ಬರು ಹಿರಿಯ ಕ್ಯಾಪ್ಟನ್ ಬೇಕಿತ್ತು. ಉಳಿದೋರು ನೀವೊಬ್ರೇ. ಹಗಲಿನದೆಲ್ಲ ಜೆಟ್‌ಗೆ ಹೋಯ್ತು. ಅಜ್ಜಿ ಇನ್ಮೇಲೆ ಪಾರ್ಸೆಲ್ ಹೊರೋಕೆ, ರಾತ್ರಿ ಮಾತ್ರ."

"ಬೆಳಗಿನ ಆ ಟ್ರಿಪ್?"

"ಮೀಸೆ ಸರ್‌ದು."

ಮೀಸೆಗೆ ಎಲ್ಲ ಕೇಳಿಸಿತ್ತು. ಪಾಪ, ಒಳ್ಳೆಯ ಮನುಷ್ಯ. "ಯೋಚನೆ ಮಾಡ್ಬೇಡ್ವೋ," ಎಂದರು. "ಆ ತಾರಸಿ ಎಲ್ಲಿ ಬರುತ್ತೆ ಹೇಳು, ನಿನ್ನ ಪರವಾಗಿ ನಾನು ವಾಲಿಸ್ತೀನಿ. ವಾಲಿಸಿದ ಮೇಲೆ ನಿನಗೆ ಮೆಸೇಜ್ ಹಾಕ್ತೀನಿ. ಆಗ ನೀನು ಮಲಗಿರ್ತೀಯ, ಎದ್ದ ಮೇಲೆ ನೋಡ್ಕೋ."

ಆ ಹೊತ್ತಿಗೆ ಸರಿಯಾಗಿ ಮತ್ತೆ ಫೋನ್ ಗುನುಗಿತು. ಈ ಸಲ ಮನೆಯಿಂದ.

"ಏನ್ರೀ, ಜೆಟ್ ಸಿಕ್ತಾ?"

"ಸಿಕ್ತು ಕಣೇ," ಎಂದರು ಬೆಣ್ಣೆ ಕ್ಯಾಪ್ಟನ್ನರು. "ನಿಮ್ಮಣ್ಣನಿಗೆ."