ಮೂಳೆ ಕೂರಿಸಲಿಕ್ಕೆ ಗಂಡಸಿನ ಬಲ ಬೇಕಂತೆ

ಬಿಳಿ ಕೋಟು ಹಾಕಿ ಡಾಕ್ಟರ ಕುರ್ಚಿಯಲ್ಲೇ ಕೂತ ಹೆಂಗಸನ್ನು ನೋಡಿ, "ಸಿಸ್ಟರೇ, ಡಾಕ್ಟ್ರು ಎಷ್ಟು ಗಂಟೆಗೆ ಬರ್ತಾರೆ?" ಎಂದು ಕೇಳುವವರು ಈಗಲೂ ಸಿಗುತ್ತಾರೆ. "ನಾನೇ ಡಾಕ್ಟ್ರು" ಅಂದರೆ, "ಹೌದಾ? ಸಂತೋಷ. ಡಾಕ್ಟ್ರು ಬರುವವರೆಗೆ ಇಲ್ಲೇ ಕೂರ್ತೇನೆ" ಎನ್ನುತ್ತಾರೆ. ಇಂಥದ್ದಕ್ಕೆಲ್ಲ ಸಿಟ್ಟು ಮಾಡಿ ಮಾಡಿ ನನ್ನ ಸಿಟ್ಟೇ ಸವೆದು ಹೋಗಿದೆ. ಆದರೆ ಸಾವಿರದ ಒಂಬೈನೂರ ಅರುವತ್ತರ ಆಸುಪಾಸಿನಲ್ಲಿ, ನಾನು ತರಬೇತಿಗೆಂದು ಬಂಟ್ವಾಳಕ್ಕೆ ಬಂದಾಗ, ಅದು ಮೂಗಿನ ತುದಿಯಲ್ಲೇ ಇತ್ತು.

ತರಬೇತಿಗೆ ಬಂದವರು ಇಬ್ಬರು. ನಾನು, ಮತ್ತು ನನ್ನ ಜೊತೆ ಓದಿದ ಒಬ್ಬ ಹುಡುಗ. ಆರಡಿ ಆಳು, ದಪ್ಪ ಮೀಸೆ, ಪಾಪದ ಜೀವ. ಕಲಿಸುವವರು ಆಸ್ಪತ್ರೆಯ ದೊಡ್ಡ ಡಾಕ್ಟ್ರು. ಅವರೇ ನಮ್ಮನ್ನು ಕಾರಿನಲ್ಲಿ ಹಾಕಿಕೊಂಡು ಮೂಡಬಿದ್ರೆಗೂ ಬೆಳ್ತಂಗಡಿಗೂ ರೋಗಿಗಳನ್ನು ನೋಡಲಿಕ್ಕೆ ಹೋಗುತ್ತಿದ್ದರು. ತರಬೇತಿಯ ಕೊನೆಗೆ ಆರೋಗ್ಯ ಇಲಾಖೆಯ ಜಿಲ್ಲೆಯ ಸಾಹೇಬರು ಬಂದು, "ಇವರನ್ನು ಒಂದು ಆಸ್ಪತ್ರೆಗೆ ಒಂಟಿಯಾಗಿ ಕಳಿಸಬಹುದಾ?" ಎಂದು ದೊಡ್ಡ ಡಾಕ್ಟ್ರನ್ನು ಕೇಳುವ ಕ್ರಮ. ಅವರು ಹ್ಞೂಂ ಅಂದರೆ ನಾನು ಡಾಕ್ಟರು. ಊಹೂಂ ಅಂದರೆ ಸೀದಾ ಮನೆಗೆ. ಮನೆಯಲ್ಲಿ ನನ್ನ ಸೋದರಮಾವ ಗಂಡು ನೋಡಿಟ್ಟು ಕಾಯುತ್ತಿದ್ದರು. ನಮ್ಮಲ್ಲಿ ಮಾವನ ಮಾತೇ ಕೊನೆಯ ಮಾತು. "ಅಲ್ಲಿ ಆಗದಿದ್ದರೆ ಬೇಸರ ಮಾಡ್ಬೇಡ ಮಗಾ, ಬಾ, ಮದುವೆ ಮಾಡಿ ಮುಗಿಸುವ" ಎಂದು ಧೈರ್ಯ ಹೇಳಿ ಕಳಿಸಿದ್ದರು. ಆ ಧೈರ್ಯಕ್ಕೇ ನನಗೆ ನಿದ್ದೆ ಬರುತ್ತಿರಲಿಲ್ಲ.

ಒಂದೇ ಹೊಟ್ಟೆ, ಎರಡು ತೀರ್ಪು

ಬಿ.ಸಿ.ರೋಡಿನ ಬಸ್ ಡ್ರೈವರೊಬ್ಬರು ಹೊಟ್ಟೆ ಹಿಡಿದುಕೊಂಡು ಬಂದರು. ನಾನು ಒತ್ತಿ ನೋಡಿದೆ, "ಅಪೆಂಡಿಕ್ಸ್ ಸಾರ್" ಅಂದೆ.

"ಇಷ್ಟು ಬೇಗ? ಹೆಂಗಸರಿಗೆ ಎಲ್ಲದರಲ್ಲೂ ಅವಸರ" ಅಂದರು ದೊಡ್ಡ ಡಾಕ್ಟ್ರು.

ನನ್ನ ಜೊತೆಗಾರ ಬಂದು, ಅದೇ ಹೊಟ್ಟೆಯ ಮೇಲೆ ಕೈ ಇಟ್ಟು ತೆಗೆದು, "ಅಪೆಂಡಿಕ್ಸ್" ಅಂದ.

"ಭೇಷ್! ಡಾಕ್ಟರನಿಗೆ ಇಂಥ ನಿರ್ಧಾರ ಬೇಕು."

ಸರಿ, ಇನ್ನು ನಿಧಾನ ಮಾಡುವ ಎಂದುಕೊಂಡೆ. ಮರುದಿನ ಒಬ್ಬರು ಅಜ್ಜನ ಎದೆಯನ್ನು ಹಿಂದೆ ಮುಂದೆ ಎಲ್ಲ ಸಾವಕಾಶ ಕೇಳಿದೆ. "ಎಷ್ಟು ಹೊತ್ತು ಮಾರಾಯ್ತಿ? ಹೆಂಗಸರಿಗೆ ಧೈರ್ಯ ಸಾಲದು" ಎಂದರು. ಆಮೇಲೆ ನನ್ನ ಜೊತೆಗಾರ ಕಣ್ಣು ಮುಚ್ಚಿ ಅಜ್ಜನ ಎದೆಯ ಮೇಲೆ ಸ್ಟೆತಾಸ್ಕೋಪು ಇಟ್ಟು ನಿಂತ. ನಿಂತೇ ನಿಂತ.

"ನೋಡಿ ಕಲಿ" ಎಂದು ದೊಡ್ಡ ಡಾಕ್ಟ್ರು ನನ್ನ ಕಿವಿಯಲ್ಲಿ ಹೇಳಿದರು. "ಎಂಥ ಏಕಾಗ್ರತೆ!"

ನೋಡಿದೆ. ಸ್ಟೆತಾಸ್ಕೋಪಿನ ಮೇಲಿನ ತುದಿ ಇನ್ನೂ ಅವನ ಕುತ್ತಿಗೆಯಲ್ಲೇ ಇತ್ತು, ಕಿವಿಗೆ ಹೋಗಿರಲೇ ಇಲ್ಲ.

ನೋವಾಗದ ಇಂಜೆಕ್ಷನ್

ಆ ಕಾಲದಲ್ಲಿ ಸೂಜಿಯನ್ನು ಕುದಿಸಿ ಕುದಿಸಿ ಮತ್ತೆ ಅದನ್ನೇ ಬಳಸುವುದು. ಮೊಂಡಾದರೆ ಚರ್ಮ ಹರಿದ ಹಾಗೆ ನೋವು. ನಾನು ನನ್ನ ಸೂಜಿಗಳನ್ನು ಸಾಣೆಕಲ್ಲಿನಲ್ಲಿ ಮಸೆದು ಚೂಪು ಮಾಡಿ ಇಟ್ಟುಕೊಂಡಿದ್ದೆ. ಮೂಡಬಿದ್ರೆಯ ಹೋಟೆಲಿನವರೊಬ್ಬರಿಗೆ ಅದರಲ್ಲಿ ಪೆನಿಸಿಲಿನ್ ಕೊಟ್ಟು "ಆಯ್ತು, ಏಳಿ" ಅಂದೆ.

"ಎಂಥದು ಆಯ್ತು?"

"ಇಂಜೆಕ್ಷನ್."

ಅವರು ಸೊಂಟ ಮುಟ್ಟಿ ನೋಡಿಕೊಂಡರು. ನೋವಿಲ್ಲ. ಸೀದಾ ದೊಡ್ಡ ಡಾಕ್ಟ್ರ ಹತ್ತಿರ ದೂರು. "ಈ ಅಮ್ಮ ಚುಚ್ಚಿದ್ದು ಗೊತ್ತೇ ಆಗ್ಲಿಲ್ಲ. ಮದ್ದು ಒಳಗೆ ಹೋಗಿರ್ಲಿಕ್ಕಿಲ್ಲ. ಹೋದ ಸಲ ಆ ಮೀಸೆಯ ಡಾಕ್ಟ್ರು ಕೊಟ್ಟದ್ದು ನೋಡಿ, ನಾಲ್ಕು ದಿನ ಮಗ್ಗುಲು ಬದಲಿಸ್ಲಿಕ್ಕೆ ಆಗ್ಲಿಲ್ಲ. ಅದು ಇಂಜೆಕ್ಷನ್!"

"ರೋಗಿಗಳಿಗೆ ನಿನ್ನ ಮೇಲೆ ವಿಶ್ವಾಸ ಇಲ್ಲ" ಎಂದು ದೊಡ್ಡ ಡಾಕ್ಟ್ರು ನನಗೇ ಬೈದರು. ನನಗೆ ಅಳು ಬಂದಿತ್ತು. ಕೊನೆಗೆ ಜೊತೆಗಾರ ನನ್ನ ಮೇಲೆ ಕನಿಕರ ಪಟ್ಟು, ತನ್ನ ಮೊಂಡು ಸೂಜಿಯಲ್ಲಿ ಬರೀ ಕುದಿಸಿದ ನೀರು ಚುಚ್ಚಿದ. ಹೋಟೆಲಿನವರು "ಅಯ್ಯಯ್ಯೋ" ಎಂದು ಕಿರುಚಿ, ಅವನಿಗೆ ಕೈಮುಗಿದು, ಕುಂಟುತ್ತಾ ಖುಷಿಯಲ್ಲಿ ಮನೆಗೆ ಹೋದರು.

ಬೆಳ್ತಂಗಡಿಯ ಮೆಟ್ಟಿಲು

ಜಿಲ್ಲೆಯ ಸಾಹೇಬರು ಬಂದದ್ದು ಬೆಳ್ತಂಗಡಿಗೆ. ನನ್ನ ತೀರ್ಮಾನ ಅಲ್ಲೇ, ಅವತ್ತೇ. ದಾರಿಯಲ್ಲಿ ಕಾರಿನಲ್ಲೇ ದೊಡ್ಡ ಡಾಕ್ಟ್ರು ನನಗೆ ಸಮಾಧಾನ ಹೇಳಿದರು. "ನಿನ್ನ ತಪ್ಪಲ್ಲ. ಒಬ್ಬರೇ ಡಾಕ್ಟ್ರಿರುವ ಆಸ್ಪತ್ರೆ ಅಂದ್ರೆ ಮುರಿದದ್ದು, ಜಾರಿದ್ದು ಎಲ್ಲ ಬರ್ತದೆ. ಮೂಳೆ ಕೂರಿಸ್ಲಿಕ್ಕೆ ಗಂಡಸಿನ ಬಲ ಬೇಕು." ಮಾವನ ಮುಖ ಕಣ್ಣೆದುರು ಬಂತು.

ಸಾಹೇಬರು ಜಗಲಿಯಲ್ಲೇ ನಿಂತಿದ್ದರು. ಅವರನ್ನು ಕಂಡ ಗಡಿಬಿಡಿಯಲ್ಲಿ ದೊಡ್ಡ ಡಾಕ್ಟ್ರು ಪಾಚಿ ಹಿಡಿದ ಮೆಟ್ಟಿಲಿಗೆ ಬೂಟು ಇಟ್ಟು, ಕೈಯೂರಿ ಧೊಪ್ಪನೆ ಬಿದ್ದರು. ಬಲಭುಜದ ಕೀಲು ತಪ್ಪಿ, ಕೈ ನೇತಾಡತೊಡಗಿತು.

ಅವರನ್ನು ಮಂಚದ ಮೇಲೆ ಮಲಗಿಸಿದೆವು. "ನೀನು ಆಚೆ ನಿಲ್ಲು" ಎಂದು ನನಗೆ ಹೇಳಿ ದೊಡ್ಡ ಡಾಕ್ಟ್ರು ನನ್ನ ಜೊತೆಗಾರನನ್ನು ಕರೆದರು. ಕ್ರಮ ಏನೆಂದರೆ, ರೋಗಿಯ ಕಂಕುಳಿಗೆ ನಮ್ಮ ಪಾದ ಒತ್ತಿ ಹಿಡಿದು ಕೈಯನ್ನು ನಿಧಾನಕ್ಕೆ ಎಳೆಯುವುದು. ಆದರೆ ಗುರುಗಳಿಗೆ ಕಾಲು ತಾಗಿಸುವುದುಂಟಾ? ಅವನು ಭಕ್ತಿಯಿಂದ ದೂರ ನಿಂತು, ಬಾವಿಯಿಂದ ಕೊಡ ಎಳೆದ ಹಾಗೆ ಎಳೆದ. ಕೀಲು ಕೂರಲಿಲ್ಲ, ದೊಡ್ಡ ಡಾಕ್ಟ್ರೇ ಮಂಚದಿಂದ ಅರ್ಧ ಕೆಳಗೆ ಬಂದರು. ಅವರ ಬೊಬ್ಬೆ ಪಕ್ಕದೂರು ಲಾಯಿಲದವರೆಗೆ ಕೇಳಿರಬೇಕು.

ನಾನು ಚಪ್ಪಲಿ ಕಳಚಿದೆ. "ಕಾಲು ತಾಗಿಸ್ತೇನೆ ಸಾರ್."

"ಯಾರಿಗೆ? ನನಗಾ?"

"ಕೈ ಬೇಕೋ, ಮರ್ಯಾದೆ ಬೇಕೋ, ಬೇಗ ಹೇಳಿ."

ಅವರು ಕಣ್ಣು ಮುಚ್ಚಿ, "ಕೈ" ಅಂದರು.

ಪಾದ ಇಟ್ಟು, ಮೆಲ್ಲಗೆ, ಒಂದೇ ಹದದಲ್ಲಿ ಎಳೆದೆ. ಕಟಕ್! ಕೂತಿತು. ಕಾಲು ತಾಗಿದ್ದಕ್ಕೆ ಅಭ್ಯಾಸಬಲದಿಂದ ಅವರ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಸಾಹೇಬರು ಕೇಳಿದರು, "ಈಗ ಹೇಳಿ, ಇವರನ್ನು ಒಂಟಿಯಾಗಿ ಕಳಿಸಬಹುದಾ?"

ದೊಡ್ಡ ಡಾಕ್ಟ್ರು ಕೈಯನ್ನು ಮೆಲ್ಲಗೆ ಎತ್ತಿ ನೋಡಿದರು, ಬೆರಳು ಮಡಚಿ ನೋಡಿದರು. ಆಮೇಲೆ ದೊಡ್ಡ ಮನಸ್ಸು ಮಾಡಿ ಹೇಳಿದರು. "ಧಾರಾಳ ಕಳಿಸಿ ಸಾರ್. ಥೇಟ್ ಗಂಡಸಿನ ಹಾಗೆ ಎಳೆದಳು!"

ಪಾಸಾಗಿತ್ತು. ಬಾಯಿ ಮುಚ್ಚಿಕೊಂಡು ಬರಬಹುದಿತ್ತು. ನನ್ನ ಬಾಯಿ ಕೇಳಬೇಕಲ್ಲ.

"ಇಲ್ಲ ಸಾರ್" ಅಂದೆ. "ಗಂಡಸಿನ ಹಾಗೆ ಎಳೆದದ್ದು ಅವನು. ನೀವು ಬೊಬ್ಬೆ ಹಾಕಿದ್ದು ಆವಾಗ."