ರುಚಿ ನೋಡಿದ್ದು ಲೆಕ್ಕಕ್ಕಿಲ್ಲ

ಕರುಳಿನೊಳಗೆ ಕ್ಯಾಮೆರಾ ಇಳಿಸುತ್ತಾರೆ ಎಂಬ ಸುದ್ದಿಯನ್ನು ಸೌಟಣ್ಣ ತಕ್ಕಮಟ್ಟಿಗೆ ಧೈರ್ಯದಿಂದಲೇ ಕೇಳಿಸಿಕೊಂಡ. ಅದನ್ನು ಯಾವ ಬಾಗಿಲಿನಿಂದ ಒಳಗೆ ಬಿಡುತ್ತಾರೆ ಎಂದು ನರ್ಸು ವಿವರಿಸಿದಾಗಲೂ ಗೋಡೆಯ ಮೇಲಿನ ಫ್ಯಾನಿನ ಸ್ವಿಚ್ಚು ನೋಡುತ್ತ ಗಂಭೀರವಾಗಿಯೇ ಕೂತಿದ್ದ. ಅವನು ಕಂಗಾಲಾದದ್ದು ಆಮೇಲೆ.

"ಹಿಂದಿನ ದಿನ ಪೂರ್ತಿ ಏನೂ ತಿನ್ನೋ ಹಾಗಿಲ್ಲ. ನೀರು, ಸೋಸಿದ ಹಣ್ಣಿನ ರಸ, ಹಾಲಿಲ್ಲದ ಟೀ, ಅಷ್ಟೇ. ಸಂಜೆಯಿಂದ ಈ ಪುಡಿ ನೀರಲ್ಲಿ ಕಲಸಿ ಕುಡೀರಿ. ಒಳಗೆ ತೊಳೆದಿಟ್ಟ ಹಾಗಿರಬೇಕು."

"ಏನೂ ಅಂದ್ರೆ... ಏನೂ?"

"ಏನೂ ಅಂದ್ರೆ ಏನೂ" ಎಂದಳು ನರ್ಸು.

ಬೂಟು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವನಾಗಿ ಕೂದಲು ನರೆಸಿಕೊಂಡವನು ಇವನು. ಸೌಟಣ್ಣ ಎಂಬುದು ಅಲ್ಲಿನವರು ಇಟ್ಟ ಹೆಸರು. ನಿಜವಾದ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತದೆ. ಪಾಳಿ ಮುಗಿಸಿ ಅಂಟಿನ ವಾಸನೆ ಹೊತ್ತು ಬರುವ ಜನ ತಟ್ಟೆ ಹಿಡಿದು ಸಾಲಾಗಿ ನಿಂತಾಗ, ಆ ಸಾಲಿನ ತುದಿಯಲ್ಲಿ ಸೌಟು ಹಿಡಿದು ನಿಲ್ಲುವ ಅವನ ಠೀವಿ ಯಾವ ಚಕ್ರವರ್ತಿಗೂ ಕಡಿಮೆಯಿರಲಿಲ್ಲ. ಅಂಥವನಿಗೆ ಒಂದು ದಿನ ಉಪವಾಸ ಎಂದರೆ ರಾಜ್ಯಭ್ರಷ್ಟನಾದಂತೆ.

ಇದು ಮೇಲಿನ ದುಃಖ. ಒಳಗಿನದು ಬೇರೆಯೇ ಇತ್ತು. ಕೆಲವು ವಾರಗಳಿಂದ ಬೆಳಗ್ಗೆ ಕಕ್ಕಸಿನಲ್ಲಿ ರಕ್ತ ಕಾಣಿಸುತ್ತಿತ್ತು. ಅವನ ಅಣ್ಣನಿಗೂ ಹೀಗೇ ಕಾಣಿಸಿತ್ತು. "ಮೂಲವ್ಯಾಧಿ ಕಣೋ, ಖಾರ ಬಿಟ್ರೆ ಹೋಗತ್ತೆ" ಎಂದು ಅಣ್ಣ ಖಾರ ಬಿಟ್ಟ, ಆಮೇಲೆ ಎಣ್ಣೆ ಬಿಟ್ಟ, ಕೊನೆಗೆ ಪ್ರಾಣವನ್ನೇ ಬಿಟ್ಟ. ಕರುಳಿನ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಡಾಕ್ಟರುಗಳಿಗೆ ಮಾಡಲು ಏನೂ ಉಳಿದಿರಲಿಲ್ಲ. ಅಣ್ಣ ಹೋದ ವಯಸ್ಸಿಗೆ ಈಗ ಸೌಟಣ್ಣ ಬಂದು ನಿಂತಿದ್ದ. ತನ್ನ ಒಳಗೂ ಅದೇ ಕೂತಿದೆಯೇ ಎಂಬ ಒಂದೇ ಪ್ರಶ್ನೆ ಅವನನ್ನು ಹಗಲಿಡೀ ಕೊರೆಯುತ್ತಿತ್ತು. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಹೆಂಡತಿಗಂತೂ ಹೇಳಲೇ ಇಲ್ಲ. (ಅವಳಿಗೆ ಗೊತ್ತಿತ್ತು. ಮನೆಯಲ್ಲಿರುವುದು ಒಂದೇ ಕಕ್ಕಸು.)

ಹೆಂಡತಿ ಮನೆಯಲ್ಲೇ ಪರದೆ ಹೊಲಿಯುವವಳು. ನಡುಮನೆಯ ತುಂಬ ಬೇರೆಯವರ ಕಿಟಕಿಗಳಿಗೆ ಸೇರಿದ ಬಟ್ಟೆ ಹರಡಿರುತ್ತದೆ. ಉಪವಾಸದ ದಿನ ಬೆಳಗ್ಗೆ ಸೌಟಣ್ಣ ಆ ಬಟ್ಟೆಗಳನ್ನು ದಾಟಿಕೊಂಡು ಚಪ್ಪಲಿ ಹುಡುಕುತ್ತಿದ್ದಾಗ ಹೊಲಿಗೆ ಮಿಷನ್ನು ಗಕ್ಕನೆ ನಿಂತಿತು.

"ಎಲ್ಲಿಗೆ ಸವಾರಿ?"

"ಕೆಲಸಕ್ಕೆ."

"ಇವತ್ತು ರಜ ಹಾಕಿ ಅಂದಿದ್ದೆ."

"ಮನೇಲಿ ಕೂತು ಏನ್ ಮಾಡ್ಲಿ? ನಿನ್ನ ಪರದೆ ಎಣಿಸ್ತಾ ಕೂತ್ಕೊಳ್ಲಾ?"

"ಅಡುಗೆಮನೇಲಿ ನಿಂತ್ಕೊಂಡು ಬಾಯಿ ಕಟ್ಕೊಂಡಿರ್ತೀರಾ ನೀವು?"

"ನೋಡು, ನಿನ್ನಾಣೆಗೂ ಒಂದಗುಳು ಬಾಯಿಗಿಡಲ್ಲ."

"ನನ್ನಾಣೆ ಬೇಡ. ನಿಮ್ಮಾಣೆ ಇಟ್ಕೊಳ್ಳಿ. ಹೆಚ್ಚುಕಮ್ಮಿ ಆದ್ರೆ ನಾನಾದ್ರೂ ಉಳೀತೀನಿ" ಎಂದು ಅವಳು ಮತ್ತೆ ಮಿಷನ್ನು ತುಳಿದಳು.

ಮನೆಯಲ್ಲಿ ಕೂತರೆ ಅಣ್ಣನ ಮುಖ ಕಣ್ಣಮುಂದೆ ಬರುತ್ತದೆ ಎಂದು ಹೇಳಿದ್ದರೆ ಅವಳು ಒಪ್ಪುತ್ತಿದ್ದಳೋ ಏನೋ. ಅವನು ಹೇಳಲಿಲ್ಲ.

ಕ್ಯಾಂಟೀನಿನಲ್ಲಿ ಅವನು ನಡೆದುಕೊಂಡ ರೀತಿಯನ್ನು ಮೆಚ್ಚಲೇಬೇಕು. ತರಕಾರಿ ಹೆಚ್ಚುವ ಅಕ್ಕ ಬಿಸ್ಕತ್ತು ಕೊಡಲು ಬಂದರೆ ಕೈಯೆತ್ತಿ ತಡೆದ. ಬೇಕರಿಯವನು ಬಿಸಿ ಬ್ರೆಡ್ಡು ತಂದಿಳಿಸಿದಾಗ ಮೂಗು ಮುಚ್ಚಿಕೊಂಡು ಉಗ್ರಾಣಕ್ಕೆ ಹೋಗಿ ನಿಂತ. ಆಮೇಲೆ ಎಂದಿನಂತೆ ಒಲೆಯ ಮುಂದೆ ಬಂದ. ಟೊಮೆಟೊ ಸೂಪು ಕುದಿಯುತ್ತಿತ್ತು. ಸೌಟಿನಿಂದ ಒಮ್ಮೆ ತಿರುವಿದ, ಎಡ ಅಂಗೈಗೆ ಒಂದಿಷ್ಟು ಸುರಿದುಕೊಂಡ, ನೆಕ್ಕಿದ, "ಉಪ್ಪು ಸಾಲ್ದು" ಎಂದ. ಉಪ್ಪು ಹಾಕಿಸಿದ, ಮತ್ತೆ ನೆಕ್ಕಿದ, "ಈಗ ಸರಿ" ಎಂದ. ಪಕ್ಕದ ಹಂಡೆಯಲ್ಲಿ ಮೆಕ್ಕೆಜೋಳದ ಕಾಳು ಬೇಯುತ್ತಿತ್ತು. ಬೆಂದಿದೆಯೇ ಎಂದು ನಾಲ್ಕು ಕಾಳು ಅಗಿದು ನೋಡಿದ, ಇನ್ನೂ ಬೇಯಬೇಕಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನಾಲ್ಕು ಅಗಿದ. ಬಟಾಣಿಗೂ ಅದೇ ಮರ್ಯಾದೆ ಸಿಕ್ಕಿತು. ಎರಡನೇ ಪಾಳಿಯ ಅಡುಗೆಗೂ ಇದೇ ಪೂಜೆ ಮೊದಲಿನಿಂದ ನಡೆಯಿತು.

(ಅವನು ಸುಳ್ಳುಗಾರನಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಆ ಅಂಗೈ ಬಾಯಿಗೆ ಹೋಗುವುದು ಅವನ ಗಮನಕ್ಕೆ ಬರುವುದೇ ನಿಂತು ಎಷ್ಟೋ ವರ್ಷಗಳಾಗಿದ್ದವು. ನಾವು ನೀವು ರೆಪ್ಪೆ ಬಡಿಯುವುದನ್ನು ಲೆಕ್ಕ ಇಡುತ್ತೇವೆಯೇ?)

ಸಂಜೆ ಮನೆಗೆ ಬಂದವನು ಹುತಾತ್ಮನ ಮುಖ ಹೊತ್ತು ಪುಡಿ ಕಲಸಿದ ನೀರಿನ ಮುಂದೆ ಕೂತ. ಹರಳೆಣ್ಣೆ ಕುಡಿದ ಮುಖ ಎಂದು ಜನ ಸುಮ್ಮನೆ ಹೇಳುತ್ತಾರೆ, ಹರಳೆಣ್ಣೆಗೆ ಅನ್ಯಾಯ. ಮೊದಲ ಗುಟುಕಿಗೇ ಸೌಟಣ್ಣನ ಅಷ್ಟೂ ವರ್ಷಗಳ ಪಾಕಪ್ರಜ್ಞೆ ಸಿಡಿದೆದ್ದಿತು.

"ನಿಂಬೆ ರುಚಿ ಅಂತೆ! ಇದನ್ನ ಮಾಡಿದವನು ನಿಂಬೆಹಣ್ಣನ್ನ ಚಿತ್ರದಲ್ಲಿ ನೋಡಿರ್ಬೇಕು. ಒಂಚೂರು ಸಕ್ಕರೆ, ಎರಡು ಕಾಳು ಮೆಣಸು ಹಾಕಿದ್ರೆ..."

"ಬಾಯಿ ಮುಚ್ಕೊಂಡು ಕುಡೀರಿ."

"ಬಾಯಿ ಮುಚ್ಕೊಂಡು ಹೆಂಗೆ ಕುಡಿಯೋದು?"

ಅವಳು ಮುಂದಿನ ಲೋಟ ತುಂಬಿಸಿದಳು. ಅದಾದ ಮೇಲೆ ನಡೆದದ್ದನ್ನು ವರ್ಣಿಸುವುದು ಸಭ್ಯವಲ್ಲ. ನಡುಮನೆಯಿಂದ ಕಕ್ಕಸಿಗೆ ಹೋಗುವ ದಾರಿಯಲ್ಲಿ ಹರಡಿದ್ದ ಪರದೆಗಳನ್ನೆಲ್ಲ ಹೆಂಡತಿ ಎತ್ತಿಟ್ಟಳು ಎಂದರೆ ಸಾಕು.

ಮರುದಿನ ಆಸ್ಪತ್ರೆಯಲ್ಲಿ ಹಿಂದೆ ತೆರೆದ ಒಂದು ನಿಲುವಂಗಿ ತೊಡಿಸಿದರು. ಕೈಗೆ ಸೂಜಿ ಚುಚ್ಚಿದರು. ಕಣ್ಣು ಮುಚ್ಚುವ ಮುಂಚೆ ಸೌಟಣ್ಣನಿಗೆ ಅಣ್ಣನದೇ ನೆನಪು. ಎದ್ದಾಗ ಎಲ್ಲ ಗೊತ್ತಾಗಿರುತ್ತದೆ, ಒಳ್ಳೆಯದೋ ಕೆಟ್ಟದ್ದೋ, ಈ ಕೊರೆತವಾದರೂ ನಿಲ್ಲುತ್ತದೆ ಎಂದುಕೊಂಡ. ಕಣ್ಣು ಬಿಟ್ಟಾಗ ಹಾಸಿಗೆಯ ಒಂದು ಬದಿಯಲ್ಲಿ ಹೆಂಡತಿ, ಇನ್ನೊಂದು ಬದಿಯಲ್ಲಿ ಡಾಕ್ಟರಮ್ಮ. ಇಬ್ಬರ ಮುಖವೂ ಬಿಗಿದಿತ್ತು.

"ನಿನ್ನೆ ಏನು ಊಟ ಮಾಡಿದ್ರಿ?" ಎಂದು ಕೇಳಿದರು ಡಾಕ್ಟರಮ್ಮ.

"ಏನೂ ಇಲ್ಲ ಮೇಡಂ. ಒಂದು ತುತ್ತೂ ಇಲ್ಲ."

"ಹಾಗಾದ್ರೆ ನಿಮ್ಮೊಳಗೆ ಜೋಳ ತಾನಾಗಿ ಬೆಳೆದಿದೆ. ಬಟಾಣಿ ಸಿಪ್ಪೆ ಇತ್ತು. ಟೊಮೆಟೊ ಬೀಜವಂತೂ ಎಲ್ಲಿ ನೋಡಿದ್ರಲ್ಲಿ."

ಹೆಂಡತಿ ನಿಧಾನವಾಗಿ ಅವನ ಎಡಗೈ ಎತ್ತಿ ಅಂಗೈ ಬಿಡಿಸಿ ಡಾಕ್ಟರಮ್ಮನಿಗೆ ತೋರಿಸಿದಳು. "ಇದು ಮಾಡಿದ ಕೆಲಸ ಮೇಡಂ. ಇವರು ಅಡುಗೆಯವರು."

ಆಗ, ಆಗ ಮಾತ್ರ, ಸೌಟಣ್ಣನಿಗೆ ಹೊಳೆಯಿತು. ಮುಖ ಹುಳ್ಳಗಾಯಿತು. ಆದರೂ ಸೋಲೊಪ್ಪದೆ, "ಅದು ರುಚಿ ನೋಡಿದ್ದು. ರುಚಿ ನೋಡಿದ್ದು ಲೆಕ್ಕಕ್ಕಿಲ್ಲ. ಅದು ಡ್ಯೂಟಿ" ಎಂದ.

"ಡ್ಯೂಟಿ ಯಾವುದು, ಊಟ ಯಾವುದು ಅಂತ ಕರುಳಿಗೆ ಗೊತ್ತಾಗಲ್ಲ" ಎಂದರು ಡಾಕ್ಟರಮ್ಮ. "ಕಂಡಷ್ಟು ಜಾಗ ಚೆನ್ನಾಗಿದೆ. ಆಚೆ ತುದಿ ಕಾಣಲೇ ಇಲ್ಲ. ಮುಂದಿನ ವಾರ ಇನ್ನೊಂದ್ಸಲ ಬರಬೇಕು. ಈ ಸಲ ಪುಡಿ ಮಧ್ಯಾಹ್ನದಿಂದಲೇ ಶುರು ಮಾಡಿ. ನಿಮ್ಮನ್ನ ನಂಬೋಕಾಗಲ್ಲ."

"ಅಣ್ಣಂದು... ಆಚೆ ತುದೀಲೇ ಇತ್ತು" ಎಂದ ಸೌಟಣ್ಣ. ದನಿ ತೀರ ಸಣ್ಣದಾಗಿ ಬಂತು.

ಮನೆಗೆ ಬರುವ ದಾರಿಯಲ್ಲಿ ಸೌಟಣ್ಣ ಬೈಗುಳಕ್ಕೆ ಮೈ ಹುರಿಗೊಳಿಸಿಕೊಂಡು ಕೂತಿದ್ದ. ಬೀಗ ತೆಗೆದು ಒಳಗೆ ಬಂದ ಹೆಂಡತಿ ಬೈಯುವ ಬದಲು ಪರದೆಗಳ ರಾಶಿಯ ಮೇಲೇ ಕುಸಿದು ಕೂತು ಅತ್ತಳು.

"ಇನ್ನೊಂದು ವಾರ ಹೇಗಿರ್ಲಿ ನಾನು? ಹೇಳಿ. ನಿಮ್ಮಣ್ಣ ಹೋದ ದಿನ ನಿಮ್ಮತ್ತಿಗೆ ಕೈ ಹಿಡ್ಕೊಂಡು ಕೂತಿದ್ದು ನಾನು. ಅವತ್ತಿಂದ ಆ ಕೈಯ ತಣುಪು ಬಿಟ್ಟಿಲ್ಲ ನನ್ನ. ನಿಮಗೊಬ್ರಿಗೇ ಭಯ ಅಂದ್ಕೊಂಡಿದೀರಾ?"

ಸೌಟಣ್ಣ ಹಾಗೇ ಅಂದುಕೊಂಡಿದ್ದ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅವಳ ಪಕ್ಕ ಹೋಗಿ ಕೂತ. ಅವಳು ಸರಿದು ಜಾಗ ಕೊಟ್ಟಳು.

ಆ ವಾರ ಮನೆಯಲ್ಲಿ ಸೂತಕದ ಕಳೆ. ಎರಡನೇ ಉಪವಾಸದ ದಿನ ಸೌಟಣ್ಣನಿಗೆ ಹೊಸ್ತಿಲು ದಾಟುವ ಅಪ್ಪಣೆ ಇರಲಿಲ್ಲ. ಮಧ್ಯಾಹ್ನ ಪುಡಿ ನೀರಿನ ಮೊದಲ ಲೋಟ ಮುಗಿಸಿದಾಗ ಅವನಿಗೆ ಒಂದು ವಿಷಯ ಗಮನಕ್ಕೆ ಬಂತು. ಒಲೆ ತಣ್ಣಗಿತ್ತು. ವಾಸನೆಗೆ ಗಂಡನಿಗೆ ಆಸೆಯಾದೀತು ಎಂದು ಅವಳು ಬೆಳಗಿನಿಂದ ಏನೂ ಬೇಯಿಸಿರಲಿಲ್ಲ, ತಿಂದೂ ಇರಲಿಲ್ಲ. ಹೋದ ಸಲವೂ ಹೀಗೇ ಮಾಡಿದ್ದಳಂತೆ.

"ನೀನ್ಯಾಕೆ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕ್ಕೋಬೇಕು? ಏಳು, ನಾನು ಮಾಡ್ಕೊಡ್ತೀನಿ."

"ಮಾಡ್ತೀರಿ, ನೆಕ್ತೀರಿ, ಮುಂದಿನ ವಾರ ಮತ್ತೆ ಹೋಗೋಣ."

"ನೆಕ್ಕಲ್ಲ! ಬೇಕಾದ್ರೆ ಕೈ ಕಟ್ಟು."

ಹೆಂಡತಿ ಇಂಥ ಮಾತನ್ನು ಗಾಳಿಗೆ ಬಿಡುವವಳಲ್ಲ. ಗುಲಾಬಿ ಹೂವಿನ ಪರದೆಯ ತುಂಡೊಂದನ್ನು ಎತ್ತಿಕೊಂಡು ನಿಂತ ನಿಲುವಿನಲ್ಲೇ ಒಂದು ಚೀಲ ಹೊಲಿದು, ಅವನ ಎಡಗೈಗೆ ತೊಡಿಸಿ ಮಣಿಕಟ್ಟಿಗೆ ದಾರ ಬಿಗಿದಳು. ಹೀಗೆ ಹೂವಿನ ಕೈಯವನಾಗಿ ಸೌಟಣ್ಣ ಆಲೂಗಡ್ಡೆ, ಹುರುಳಿಕಾಯಿ ಬೇಯಿಸಲು ನಿಂತ. ಅಂಗೈ ತುರಿಸಿತು, ನಾಲಿಗೆ ಒದ್ದಾಡಿತು. ಇದರ ನಡುವೆ ಪುಡಿಯೂ ತನ್ನ ಪ್ರತಾಪ ತೋರಿಸತೊಡಗಿತು. ಒಗ್ಗರಣೆ ಹಾಕಿ ಓಡಿದ, ಬಂದು ತರಕಾರಿ ಸುರಿದು ಓಡಿದ, ಬಂದು ತಿರುವಿ ಮತ್ತೆ ಓಡಿದ. ಅಂತೂ ಅಡುಗೆ ಇಳಿಯಿತು.

ಹೆಂಡತಿ ಮೊದಲ ತುತ್ತು ಬಾಯಿಗಿಟ್ಟು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದಳು.

"ಹೇಗಿದೆ?"

"ಚೆನ್ನಾಗಿದೆ."

"ಉಪ್ಪು?"

"ಹದವಾಗಿದೆ" ಎಂದು ನೀರು ಕುಡಿದಳು. ತಟ್ಟೆ ಖಾಲಿ ಮಾಡಿದಳು. ಉಳಿದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟಳು.

ಸೌಟಣ್ಣ ಉಬ್ಬಿಹೋದ. ಕಕ್ಕಸಿನ ಬಾಗಿಲ ಹಿಂದಿನಿಂದಲೇ ಭಾಷಣ ಶುರುವಾಯಿತು. "ಇಷ್ಟು ವರ್ಷ ಸುಮ್ನೆ ನೆಕ್ಕಿದ್ನಲ್ಲೇ! ಕೈಯಲ್ಲಿ ಹದ ಕೂತ್ಬಿಟ್ಟಿದೆ. ಇನ್ಮೇಲೆ ನಮ್ಮ ಕ್ಯಾಂಟೀನಲ್ಲಿ ಯಾರೂ ರುಚಿ ನೋಡೋ ಹಾಗಿಲ್ಲ ಅಂತ ರೂಲ್ಸ್ ಮಾಡ್ತೀನಿ." ತರಕಾರಿ ಹೆಚ್ಚುವ ಅಕ್ಕನಿಗೆ ಅಲ್ಲಿಂದಲೇ ಫೋನು ಮಾಡಿ ಈ ಸಿದ್ಧಾಂತವನ್ನು ಮಂಡಿಸಿದ್ದೂ ಆಯಿತು. ಹೆಂಡತಿ ಇನ್ನೊಂದು ಚೊಂಬು ನೀರು ಕುಡಿಯುತ್ತಿದ್ದಳು.

ಮರುದಿನ ಕಣ್ಣು ಬಿಟ್ಟಾಗ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತಿದ್ದರು.

"ರಕ್ತ ಬಂದಿದ್ದು ಮೂಲವ್ಯಾಧಿಯದು. ಆಚೆ ತುದೀಲಿ ಒಂದು ಸಣ್ಣ ಗಂಟಿತ್ತು, ತೆಗೆದುಬಿಟ್ಟೆ. ಪರೀಕ್ಷೆಗೆ ಕಳಿಸ್ತೀವಿ, ಆದ್ರೆ ನೋಡಿದ್ರೆ ಹೆದರೋ ಥರದ್ದಲ್ಲ. ಹಾಗೇ ಬಿಟ್ಟಿದ್ರೆ ಮುಂದೆ ಏನಾಗ್ತಿತ್ತೋ ಹೇಳೋಕಾಗಲ್ಲ. ಈ ಸಲ ಒಳಗೆ ಕನ್ನಡಿ ಥರ ಇತ್ತು, ಅದಕ್ಕೇ ಸಿಕ್ತು. ಚೂರು ಏನಾದ್ರೂ ಅಡ್ಡ ಇದ್ದಿದ್ರೆ ಕಾಣ್ತಿರ್ಲಿಲ್ಲ."

ಸೌಟಣ್ಣ ಹೆಂಡತಿಯ ಕೈ ಹಿಡಿದುಕೊಂಡ. ಅಣ್ಣನಿಗೆ ಹೀಗೆ ಯಾರೂ ನೋಡಲಿಲ್ಲವಲ್ಲ ಎಂದು ಸಂಕಟವಾಯಿತು. ಅದರ ಬೆನ್ನಿಗೇ ಭಯಂಕರ ಹಸಿವಾಯಿತು.

ಮನೆ ತಲುಪಿದವನೇ ನೇರ ಫ್ರಿಜ್ಜಿಗೆ ಹೋದ. ನಿನ್ನೆಯ ವಿಜಯದ ಉಳಿಕೆಯನ್ನು ಬಿಸಿ ಮಾಡಿ, ಬಟ್ಟಲು ತುಂಬಿಸಿಕೊಂಡು, ದೊಡ್ಡದೊಂದು ತುತ್ತು ಬಾಯಿಗೆ ತುರುಕಿದ. ಮರುಗಳಿಗೆ ಅವನ ಕಣ್ಣಲ್ಲಿ ನೀರು ಬಂತು. ಅದು ಅಡುಗೆಯಲ್ಲ, ಉಪ್ಪಿನ ಗಣಿ. ಓಡಿ ಬಂದಾಗಲೆಲ್ಲ, ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು, ಒಂದೊಂದು ಹಿಡಿ ಹಾಕಿದ್ದ. ಇದನ್ನು ಅವಳು ತಟ್ಟೆ ತುಂಬ ತಿಂದಿದ್ದಳು.

"ಇದನ್ನ ಹೇಗೆ ತಿಂದೆ ನೀನು! ಉಪ್ಪು ಜಾಸ್ತಿ ಅಂತ ಯಾಕೆ ಹೇಳ್ಲಿಲ್ಲ?"

ಹೆಂಡತಿ ಮಿಷನ್ನಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಹೇಳಿದ್ರೆ ನೀವು ರುಚಿ ನೋಡ್ತಿದ್ರಿ" ಎಂದಳು.